ಡಬ್ಬ ಮೂಸಿದ ರಸಬಾಳೆ

ದೇವರು ನಮಗೆ ಮೂಗು ಕೊಟ್ಟಿದ್ದಾನೆ, ಸಂತೋಷ. ಆದರೆ ಮಲ್ಲಿಗೆ, ಮಾಗಿದ ಹಣ್ಣು, ತುಪ್ಪದಲ್ಲಿ ಹುರಿದ ರವೆ, ಇಂಥ ಒಳ್ಳೊಳ್ಳೆಯ ವಾಸನೆಗಳೆಲ್ಲ ಮೊದಲು ತನಗೇ ಸಲ್ಲಬೇಕು ಎಂದು ಯಾಕೆ ಕಾದಿಟ್ಟುಕೊಂಡ ಎನ್ನುವುದು ನನಗೆ ಇನ್ನೂ ಬಗೆಹರಿದಿಲ್ಲ. ದೂರು ಹೇಳುತ್ತಿಲ್ಲ, ಅವನು ನನಗೆ ಮಾಡಿರುವ ಉಪಕಾರ ದೊಡ್ಡದು. ಆದರೂ ನಿಮ್ಮ ಮನೆಯಲ್ಲೂ ಹೀಗೇ ತಾನೆ? ಮಗು ಬುಟ್ಟಿಯ ಹೂವಿನ ಹತ್ತಿರ ಮುಖ ತಂದರೆ ಸಾಕು, ಅಡುಗೆಮನೆಯಿಂದ "ಮೂಸಿಬಿಟ್ಟೆಯಾ?" ಎಂದು ಕೂಗು ಬರುತ್ತದೆ. ಮೂಸಿದ ಹೂವು ದೇವರಿಗೆ ಆಗುವುದಿಲ್ಲ, ಜಡೆಗೆ ಆಗುತ್ತದೆ. ಚಿಕ್ಕಂದಿನಲ್ಲಿ ನಮ್ಮಕ್ಕ ಜಡೆಗೆ ಹೂವು ಸಾಲದಿದ್ದಾಗ ಬೇಕೆಂದೇ ಮೂಸುತ್ತಿದ್ದಳು. ಅವಳ ಹೊಟ್ಟೆಯಲ್ಲಿ ಹುಟ್ಟಿದವಳು ಮುಂದೆ ಮೂಸುವ ಯಂತ್ರ ಮಾಡಿದ್ದರಲ್ಲಿ ಆಶ್ಚರ್ಯವೇನಿಲ್ಲ.

ನಾನು ಮದುವೆಯಾಗಿ ನಂಜನಗೂಡಿಗೆ ಬಂದ ಮೇಲೆ ಕಲಿತ ದೊಡ್ಡ ವಿದ್ಯೆಯೆಂದರೆ ವಾಸನೆ ನೋಡದೆ ನೈವೇದ್ಯ ಮಾಡುವುದು. ಸಜ್ಜಿಗೆಗೆ ರವೆ ಹುರಿಯುವಾಗ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಳ್ಳಬೇಕು, ಆದರೆ ರವೆ ಸೀಯಬಾರದು. ತಾನಾಗಿ ಬಂದ ವಾಸನೆಗೆ ದೋಷವಿಲ್ಲ, ನಾವಾಗಿ ಹೋಗಿ ಎಳೆದುಕೊಂಡರೆ ದೋಷ ಎಂಬುದು ನಮ್ಮತ್ತೆಯವರ ಕಾನೂನು. ಅವರಿಗೆ ವಯಸ್ಸಾಗಿ ಕಣ್ಣು ಮಂಜಾಗಿದೆ, ಕಾನೂನು ಮಂಜಾಗಿಲ್ಲ.

ಈಚೆಗೆ ನಮ್ಮ ಯಜಮಾನರು ತಾಂಡವಪುರದ ಹತ್ತಿರ ಸ್ಕೂಟರಿನಿಂದ ಬಿದ್ದರು. ಮೊಣಕೈ ತರಚಿತು, ತಲೆ ಉಳಿಯಿತು. ಸ್ಕೂಟರಿನ ಕನ್ನಡಿ ಒಡೆಯಿತು, ಇವರ ಕನ್ನಡಕ ಉಳಿಯಿತು. ಉಳಿದದ್ದನ್ನೆಲ್ಲ ನೆನೆದು ಕಣ್ಣಲ್ಲಿ ನೀರು ಬಂದು, ನಂಜುಂಡಪ್ಪನಿಗೆ ಒಂದು ಚಿಪ್ಪು ರಸಬಾಳೆ ಒಪ್ಪಿಸುತ್ತೇನೆಂದು ಹರಕೆ ಹೊತ್ತೆ. ಹೊತ್ತ ಮೇಲೆ ಹೆದರಿಕೆಯಾಯಿತು. ನಂಜನಗೂಡು ಅಂದರೆ ರಸಬಾಳೆ ಎಂದು ಲೋಕವೆಲ್ಲ ಹೇಳುತ್ತದೆ. ಆ ಗಿಡಕ್ಕೆ ರೋಗ ಬಿದ್ದ ಮೇಲೆ ಇಲ್ಲಿ ಹಣ್ಣಿಗಿಂತ ಹೆಸರೇ ಹೆಚ್ಚು ಸಿಗುತ್ತದೆ ಎಂಬುದು ಇಲ್ಲಿ ಸಂಸಾರ ಮಾಡುವವರಿಗೆ ಗೊತ್ತು.

"ಪಚ್ಚಬಾಳೆ ಅಂತ ಹರಕೆ ಹೊತ್ಕೊಂಡಿದ್ರೆ ನಿಂಗೇನಾಗ್ತಿತ್ತು?" ಎಂದರು ಯಜಮಾನರು. "ನಂಜನ್ನೇ ಉಂಡು ಅರಗಿಸ್ಕೊಂಡವನು, ಪಚ್ಚಬಾಳೆ ಅರಗಿಸ್ಕೊಳ್ಳಲ್ವಾ?"

"ನಿಮ್ಮ ತಲೆಗೆ ಪಚ್ಚಬಾಳೆ ಸಾಕು ಅಂತ ಆಗ ತೋಚಲಿಲ್ಲ ಕಣ್ರೀ" ಎಂದೆ. ಕೊಟ್ಟ ಮಾತು ಕೊಟ್ಟದ್ದೇ. ಅದೂ ದೇವರಿಗೆ, ಅದೂ ಹೆಸರು ಹಿಡಿದು.

ಕಾಪಾಡಿದವನು ನಮ್ಮಣ್ಣ. ತಿ. ನರಸೀಪುರದ ಹತ್ತಿರ ಸೋಸಲೆಯಲ್ಲಿ ಅವನ ಮನೆ. ಹಿತ್ತಲಲ್ಲಿ ಒಂದಿಷ್ಟು ಬಾಳೆ. ಅವು ನಮ್ಮಜ್ಜಿಯ ಕಾಲದ ರಸಬಾಳೆಯ ಸಂತತಿ ಎಂದು ಅವನ ನಂಬಿಕೆ. ತಂಗಿಯ ಹರಕೆಯ ಸುದ್ದಿ ಕೇಳಿ, ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಒಂದು ಚಿಪ್ಪನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದ. "ತಗಳವ್ವ. ನಿಮ್ಮೂರು ಎಸ್ರಲ್ಲೇ ಅದ ಅಷ್ಟೆ, ಅಣ್ಣು ನಮ್ಮಿತ್ತಲಲ್ಲಿ ಅದ" ಎಂದು ನಗುತ್ತಾ ಕೊಟ್ಟ. ನಾನು ಉಸಿರು ಬಿಗಿಹಿಡಿದು ಅದನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟು ದೇವರ ಮನೆಯ ಹೊಸ್ತಿಲ ಬಳಿ ಇಟ್ಟೆ. ಮಾರನೆಯ ದಿನ ಸೋಮವಾರ, ಒಪ್ಪಿಸುವುದೊಂದೇ ಬಾಕಿ.

ಅದೇ ದಿನ ಅಕ್ಕನ ಮಗಳು ಸ್ಫೂರ್ತಿ ಮೈಸೂರಿನಿಂದ ಬಂದಳು. ಅಲ್ಲಿ ಏನೋ ಸಂಶೋಧನೆ ಮಾಡುತ್ತಾಳೆ ಎಂದಷ್ಟೇ ನಮಗೆ ಗೊತ್ತಿತ್ತು. ಚೀಲದಿಂದ ಊಟದ ಡಬ್ಬದಷ್ಟು ದೊಡ್ಡ ಪೆಟ್ಟಿಗೆ ತೆಗೆದು, "ಅಜ್ಜಿ, ಇದು ಎಲೆಕ್ಟ್ರಾನಿಕ್ ಮೂಗು" ಎಂದು ನಮ್ಮತ್ತೆಯವರ ಮಂಚದ ಮೇಲಿಟ್ಟಳು. ಮುಂದಿನ ವಾರ ದೊಡ್ಡವರ ಮುಂದೆ ಅದನ್ನು ತೋರಿಸಬೇಕಂತೆ. ಅದಕ್ಕೇ ನಮ್ಮ ಮುಂದೆ ಅಭ್ಯಾಸ. ಒಳಗೆ ಪುಟ್ಟ ಫ್ಯಾನು ಗಾಳಿ ಎಳೆದುಕೊಳ್ಳುತ್ತದೆ. ಒಂದು ಬಿಲ್ಲೆಯ ಮೇಲೆ ಪ್ರೋಟೀನು ಅಂಟಿಸಿದ್ದಾರೆ. ಅದಕ್ಕೆ ವಾಸನೆ ತಾಗಿದರೆ ಕರೆಂಟು ಬದಲಾಗುತ್ತದೆ. ಕಲಿಸಿದ ವಾಸನೆಯಾದರೆ ಹಸಿರು ದೀಪ, ಅಲ್ಲದಿದ್ದರೆ ಕೆಂಪು.

ಪ್ರೋಟೀನೆಂದರೆ ನನಗೆ ಹೆಸರುಕಾಳು, ಅವರೆಕಾಳು, ಡಾಕ್ಟರು ಯಜಮಾನರಿಗೆ ಬರೆದುಕೊಟ್ಟ ಚಾಕೊಲೇಟು ಬಣ್ಣದ ಪುಡಿ. ಅದಕ್ಕೂ ಮೂಗಿಗೂ ಏನು ನಂಟು? ಸ್ಫೂರ್ತಿ ಬಿಡಿಸಿ ಹೇಳಿದಳು. ಪತಂಗದ ಮೀಸೆಯಲ್ಲಿ ವಾಸನೆ ಹಿಡಿಯುವ ಪ್ರೋಟೀನು ಇರುತ್ತದೆ. ಇವರು ಅದರ ನಕ್ಷೆ ಹಿಡಿದು, ಅಲ್ಲೊಂದು ಇಲ್ಲೊಂದು ಕೊಂಡಿ ಬದಲಾಯಿಸಿ, ಬಾಳೆಹಣ್ಣಿನ ವಾಸನೆಯನ್ನು ಚೆನ್ನಾಗಿ ಹಿಡಿಯುವಂತೆ ತಿದ್ದಿದ್ದಾರೆ. ಸದ್ಯಕ್ಕೆ ಅದಕ್ಕೆ ಕಲಿಸಿರುವುದು ರಸಬಾಳೆಯ ವಾಸನೆಯೊಂದನ್ನೇ.

"ಉಳದ ಮೀಸೆಯ ತಂದು ನನ್ನ ಆಸ್ಗೆ ಮ್ಯಾಲಿಟ್ಯಾ ಕೂಸೇ?" ಎಂದರು ನಮ್ಮತ್ತೆ.

"ಹುಳ ಇಲ್ಲ ಅಜ್ಜಿ, ಬ್ರೆಡ್ ಉಬ್ಬಿಸೋ ಈಸ್ಟ್‌ನಲ್ಲಿ ಬೆಳೆಸಿದ್ದು. ಶುದ್ಧ ಸಸ್ಯಾಹಾರಿ. ಆದ್ರೆ ಮೂಗಂದ್ರೆ ಮೂಗೇ. ನಮ್ಮ ನಿಮ್ಮ ಮೂಗಿಗೂ ಇದಕ್ಕೂ ಏನೇನೂ ವ್ಯತ್ಯಾಸ ಇಲ್ಲ!"

ಈ ಕೊನೆಯ ಮಾತನ್ನು ಅವಳು ಅಷ್ಟು ಹೆಮ್ಮೆಯಿಂದ ಹೇಳಬಾರದಾಗಿತ್ತು.

ನಾನು ಕಾಫಿ ಬೆರೆಸಲು ಒಳಗೆ ಹೋಗಿದ್ದೆ. ಪಾಪ, ಹುಡುಗಿಯ ಮನಸ್ಸಿನಲ್ಲಿ ಒಳ್ಳೆಯದೇ ಇತ್ತು. ಚಿಕ್ಕಮ್ಮನ ಹರಕೆಯ ಹಣ್ಣಿಗೆ ಹಸಿರು ದೀಪ ಹತ್ತಿಸಿ ಎಲ್ಲರನ್ನೂ ಸಂತೋಷಪಡಿಸೋಣ ಎಂದು ಡಬ್ಬವನ್ನು ತಟ್ಟೆಯ ಹತ್ತಿರ ಹಿಡಿದಿದ್ದಾಳೆ. ನಾನು ಲೋಟ ಹಿಡಿದು ಬರುವುದಕ್ಕೂ ಡಬ್ಬ ಗುರ್ರೆಂದು ಗಾಳಿ ಎಳೆದುಕೊಳ್ಳುವುದಕ್ಕೂ ಸರಿಹೋಯಿತು. ದೀಪ ಹತ್ತಿತು. ಕೆಂಪು.

"ಚಿಕ್ಕಮ್ಮ, ಇದು ರಸಬಾಳೆ ಅಲ್ವಂತೆ" ಎಂದಳು ಸ್ಫೂರ್ತಿ, ಪಕ್ಕದ ಮನೆಯವರು ಯಾರೋ ಹೇಳಿ ಹೋದ ಹಾಗೆ.

ಅಣ್ಣ ತೆಗೆದುಕೊಂಡ ಕಾಫಿ ಲೋಟವನ್ನು ಕೆಳಗಿಟ್ಟ. "ಯಾರಂತ ಏಳದು?" ಎಂದ. ದನಿ ಸಣ್ಣದಾಗಿತ್ತು. "ನಮ್ಮಜ್ಜಿ ನೆಟ್ಟ ಬಾಳ ರಸಬಾಳ ಅಲ್ಲ ಅನ್ನಕ ಆ ಡಬ್ಬ ಏನು ನಮ್ಮೂರ ನೋಡದಾ, ನಮ್ಮಿತ್ತಲ ನೋಡದಾ?"

"ಅದಿರ್ಲಿ ಕಣಪ್ಪ" ಎಂದರು ನಮ್ಮತ್ತೆ ಮಂಚದಿಂದಲೇ. "ಮೊದ್ಲು ಇದ ಏಳು ಕೂಸೇ. ಅದು ದೇವ್ರ ಬಾಳೆಣ್ಣ ಮೂಸ್ತಾ, ಇಲ್ವಾ?"

ಡಬ್ಬ ತಾನಾಗಿ ಬಂದ ವಾಸನೆಯನ್ನು ತೆಗೆದುಕೊಂಡಿರಲಿಲ್ಲ, ಫ್ಯಾನು ಹಾಕಿ ಎಳೆದುಕೊಂಡಿತ್ತು. ಕಾನೂನಿನ ಪ್ರಕಾರ ಪೂರ್ತಿ ದೋಷ. ಮತ್ತೊಂದು ಚಿಪ್ಪು ರಸಬಾಳೆಗೆ ಎಲ್ಲಿಗೆ ಹೋಗುವುದು? ಹೆಡತಲೆ ಊರಿನ ಕಡೆ ಯಾರದೋ ತೋಟದಲ್ಲಿದೆ ಎಂಬ ಸುದ್ದಿ ಬಹಳ ದಿನದಿಂದ ಇದೆ, ಸುದ್ದಿಯಾಗಿಯೇ ಇದೆ.

"ಅದಕ್ಕೆ ಉಸಿರಿಲ್ಲ ಅಮ್ಮ. ಉಸಿರಿಲ್ದೇ ಇರೋದು ಮೂಸೋದು ಹೇಗೆ?" ಎಂದು ಯಜಮಾನರು ಅಡ್ಡ ಬಂದರು. ಅವರ ತಲೆಯ ಹರಕೆಯಲ್ಲವೇ, ಅವರಿಗೂ ಭಯ.

"ಈಗ ತಾನೇ ಮೂಗು ಅಂದ್ಳಲ್ಲಪ್ಪ. ನಮ್ದಕ್ಕೂ ಅದಕ್ಕೂ ಯತ್ಯಾಸ ಇಲ್ಲ ಅಂದ್ಳು. ಮೂಗು ಮೂಸ್ದೆ ಇನ್ನೇನು ಮಾಡ್ತದ, ರೊಟ್ಟಿ ತಟ್ತದಾ?"

ಆಗ ನನಗೆ ಹೊಳೆಯಿತು ನೋಡಿ. ಡಬ್ಬ ನಿಜವಾದ ಮೂಗಾದರೆ ಹಣ್ಣು ಮೂಸಿದ ಹಣ್ಣಾಯಿತು, ರಸಬಾಳೆಯೂ ಅಲ್ಲವೆಂದಾಯಿತು. ಹರಕೆ ಹೋಯಿತು, ಅಣ್ಣನ ಮಾನವೂ ಹೋಯಿತು. ಅದು ಮೂಗೇ ಅಲ್ಲವೆಂದರೆ ಹಣ್ಣು ಮಡಿಯಾಗಿಯೇ ಉಳಿಯಿತು, ಅದು ಹೇಳಿದ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಬೇಕಾಗಿಲ್ಲ. ಎರಡೂ ಉಳಿಯುವ ದಾರಿ ಒಂದೇ. ನಾನು ಸ್ಫೂರ್ತಿಯ ಮುಖ ನೋಡಿದೆ. ಅವಳು ಸೋದರಮಾವನ ಮುಖ ನೋಡಿದಳು. ಅವನು ಗೋಡೆ ನೋಡುತ್ತಿದ್ದ.

"ಅಜ್ಜಿ, ಅದು ಮೂಸಲ್ಲ" ಎಂದಳು ಸ್ಫೂರ್ತಿ ಮೆಲ್ಲಗೆ. "ಅದಕ್ಕೆ ವಾಸನೆ ಅಂದ್ರೇನು ಅಂತಾನೇ ಗೊತ್ತಿಲ್ಲ. ಕರೆಂಟ್ ಹೆಚ್ಚು ಕಮ್ಮಿ ಆಗುತ್ತೆ, ಅಷ್ಟೆ. ಮೂಗು ಅಂತ ನಾವು ಸುಮ್ನೆ ಕರೀತೀವಿ."

ವರ್ಷಗಟ್ಟಲೆ ಮಾಡಿದ ಕೆಲಸವನ್ನು ತನ್ನ ಬಾಯಿಂದಲೇ ಅಲ್ಲಗಳೆಯುವುದು ಸುಲಭವಲ್ಲ. ಅವಳಿಗೆ ಎರಡು ಚಕ್ಕುಲಿ ಹೆಚ್ಚಿಗೆ ಕೊಟ್ಟೆ.

ನಮ್ಮತ್ತೆ ಇನ್ನೂ ಬಿಡಲಿಲ್ಲ. "ರಸಬಾಳ ಅಂದ್ರ ಇದೇಯ ಅಂತ ಅದಕ್ಕ ಏಳ್ಕೊಟ್ಟೋರು ಯಾರು?"

"ಮೈಸೂರಿನ ಒಂದು ಅಂಗಡಿಯಿಂದ ತಂದು ಕಲಿಸಿದ್ವಿ ಅಜ್ಜಿ."

"ಅದು ರಸಬಾಳೇ ಅಂತ ಹೆಂಗ ಗೊತ್ತಾಯ್ತು?"

"ಅಂಗಡಿಯವರು ಹೇಳಿದ್ರು."

ಅಣ್ಣ ಗೋಡೆಯಿಂದ ಈ ಕಡೆ ತಿರುಗಿದ. "ನೋಡ್ದಾ ಕೂಸೇ, ಅಂಗ್ಡಿಯೋನ ಮಾತ ನಂಬ್ತೀಯೆ, ಸ್ವಾದರಮಾವನ ಮಾತ ನಂಬಲ್ಲ!" ಎಂದ. ಆರಿದ ಕಾಫಿಯನ್ನು ಮತ್ತೆ ಬಿಸಿ ಮಾಡಿಕೊಡು ಎಂದು ನನಗೆ ಹೇಳಿದ. ಅಲ್ಲಿಗೆ ನಮ್ಮತ್ತೆಯವರ ತೀರ್ಪು ಬಂತು: ಉಸಿರಿಲ್ಲದ್ದು ಮೂಸಿದರೆ ದೋಷವಿಲ್ಲ, ಆದರೂ ಡಬ್ಬ ಇನ್ನು ದೇವರ ಮನೆಯ ಕಡೆ ಸುಳಿಯಬಾರದು.

ಅಣ್ಣ, ಸ್ಫೂರ್ತಿ ಇಬ್ಬರೂ ಆ ರಾತ್ರಿ ನಮ್ಮಲ್ಲೇ ಉಳಿದರು, ಸೋಮವಾರ ಹಣ್ಣು ಒಪ್ಪಿಸಿದೆವು. ಪೂಜೆಯವರು ಅರ್ಧ ಚಿಪ್ಪನ್ನು ಪ್ರಸಾದವೆಂದು ಹಿಂದಕ್ಕೆ ಕೊಟ್ಟರು. ಗರ್ಭಗುಡಿಯಲ್ಲಿ ಯಾವ ದೀಪವೂ ಹತ್ತಲಿಲ್ಲ, ಹಸಿರೂ ಇಲ್ಲ, ಕೆಂಪೂ ಇಲ್ಲ. ಕೊಟ್ಟದ್ದನ್ನು ಕೊಟ್ಟ ಹಾಗೆ ತೆಗೆದುಕೊಳ್ಳುವ ಅವನ ದೊಡ್ಡಗುಣಕ್ಕೆ ಕೈಮುಗಿದು ಮನೆಗೆ ಬಂದೆವು.

ಪ್ರಸಾದವನ್ನು ಯಾರು ಬೇಕಾದರೂ ಮೂಸಬಹುದು. ಸ್ಫೂರ್ತಿ ಡಬ್ಬ ತೆಗೆದುಕೊಂಡು ಅಡುಗೆಮನೆಗೆ ಬಂದು, ಒಂದು ಹಣ್ಣನ್ನು ನನ್ನ ಕೈಗಿಟ್ಟಳು. "ಚಿಕ್ಕಮ್ಮ, ಈಗ ನಿಜ ಹೇಳಿ. ಇದನ್ನ ರಸಬಾಳೆ ಅಂತ ಕಲಿಸ್ಲಾ, ಬೇಡ್ವಾ? ಯಾರಾದ್ರೂ ಹೇಳಿಕೊಟ್ರೇನೇ ಇದಕ್ಕೆ ಗೊತ್ತಾಗೋದು."

ಸಿಪ್ಪೆ ಸುಲಿದು ಮೂಗಿನ ಹತ್ತಿರ ತಂದೆ. ಒಳ್ಳೆಯ ವಾಸನೆ, ಸಿಹಿಯಾದ ವಾಸನೆ. ಆದರೆ ರಸಬಾಳೆಯ ವಾಸನೆಯೇ? ನಾನು ಕೊನೆಯ ಸಲ ನಿಜವಾದ ರಸಬಾಳೆ ತಿಂದದ್ದು ಯಾವಾಗ? ಅದರ ಘಮ ನನಗೆ ನೆನಪಿದೆಯೋ, ಅಥವಾ ಈ ಊರಿನ ಸೊಸೆ ಎಂಬ ಹಮ್ಮಿನಲ್ಲಿ ನೆನಪಿದೆ ಎಂದು ಹೇಳಿ ಹೇಳಿ ರೂಢಿಯಾಗಿದೆಯೋ? ಮೂಗಿಗೆ ಏನೂ ತೋಚಲಿಲ್ಲ. ತಲೆಯೆತ್ತಿದರೆ ಬಾಗಿಲಲ್ಲಿ ಅಣ್ಣ ನಿಂತಿದ್ದ, ಬಸ್ಸಿಗೆ ಹೊರಡಲು ಚೀಲವನ್ನು ಹೆಗಲಿಗೆ ಹಾಕಿಕೊಂಡು, ಏನೂ ಕೇಳಿಸಿಕೊಳ್ಳದವನ ಹಾಗೆ.

"ರಸಬಾಳೇನೇ ಕಣೇ. ಇನ್ನೇನು?" ಎಂದೆ.

ಅಣ್ಣ ಚೀಲ ಸರಿಮಾಡಿಕೊಂಡು ಎದೆಯುಬ್ಬಿಸಿ ಹೊರಟ. ಸ್ಫೂರ್ತಿ ಡಬ್ಬದಲ್ಲಿ ಏನೇನೋ ಒತ್ತಿ, ಹಣ್ಣಿನ ಹತ್ತಿರ ಹಿಡಿದಳು. ಹಸಿರು ದೀಪ ಹತ್ತಿತು. "ಇನ್ಮೇಲೆ ಇದು ನಿಮ್ಮ ಮೂಗನ್ನೇ ನಂಬ್ಕೊಂಡು ಕೆಲಸ ಮಾಡುತ್ತೆ ಚಿಕ್ಕಮ್ಮ" ಎಂದು ನಕ್ಕಳು. ಮುಂದಿನ ವಾರ ದೊಡ್ಡವರ ಮುಂದೆ ಅದು ಏನು ಮಾಡುತ್ತದೋ ಎಂದು ನನಗೆ ಈಗಲೂ ದಿಗಿಲು. ಹಣ್ಣು ಯಾರ ಮನೆಯದು ಎಂದು ಮೊದಲು ತಿಳಿದುಕೊಂಡು, ಆಮೇಲೆ ವಾಸನೆ ನೋಡುವ ಮೂಗು ನನ್ನದು. ಪಾಪ, ಅಷ್ಟು ಓದಿದವರ ನಡುವೆ ಆ ಡಬ್ಬಕ್ಕೆ ಹಣ್ಣು ಯಾರ ಮನೆಯದು ಎಂದು ಯಾರು ಹೇಳಿಕೊಡುತ್ತಾರೆ?