ಕಂಪ್ಯೂಟರಿಗೆ ನೀರು ಬಿಟ್ಟದ್ದು

ನನಗೆ ಶಬ್ದ ಆಗುವುದಿಲ್ಲ. ಮದುವೆ ವಿಡಿಯೋ ಎಡಿಟ್ ಮಾಡಿ ಬದುಕುವವನು ಹೀಗೆ ಹೇಳುವುದು, ಮೀನು ಮಾರುವವನು ತನಗೆ ವಾಸನೆ ಆಗುವುದಿಲ್ಲ ಎಂದ ಹಾಗೆ. ವಾಲಗ, ಬ್ಯಾಂಡು, ಊಟದ ಪಂಕ್ತಿಯ ಗದ್ದಲ ಎಲ್ಲವನ್ನೂ ಸಹಿಸುತ್ತೇನೆ. ಅದು ನನ್ನ ಅನ್ನ. ಸಹಿಸಲಾಗದ್ದು ನನ್ನ ಕಂಪ್ಯೂಟರಿನದು. ಬೆಳ್ಳಾರೆಯ ನಮ್ಮ ಬಾಡಿಗೆ ಮನೆಯ ಎದುರುಕೋಣೆಯಲ್ಲಿ ಅದನ್ನು ಚಾಲೂ ಮಾಡಿದರೆ ಒಳಗಿನ ಫ್ಯಾನುಗಳು ಅಕ್ಕಿ ಮಿಲ್ಲಿನ ಹಾಗೆ ಮೊರೆಯುತ್ತಿದ್ದವು. ವರನ ತಂದೆಯ ಮಾತಿನ ಹಿಂದಿನ ಗುಂಯ್ ಎನ್ನುವ ಸದ್ದು ಮದುವೆ ಮಂಟಪದ್ದೋ ನನ್ನ ಯಂತ್ರದ್ದೋ ತಿಳಿಯದೆ, ಹೆಡ್‌ಫೋನ್ ಹಾಕಿ ತೆಗೆದು ನನ್ನ ಕಿವಿ ಕೆಂಪಾಗಿತ್ತು.

ಪುತ್ತೂರಿನ ಕಂಪ್ಯೂಟರ್ ಅಂಗಡಿಯವರು, "ಗಾಳಿಯಲ್ಲಿ ಎಷ್ಟೂಂತ ತಣಿಸುದು ಮಾರಾಯ್ರೆ? ನೀರು ಬಿಡುವ," ಎಂದರು. ಪೈಪಿನಲ್ಲಿ ಸುತ್ತುವ ದ್ರವ ಪ್ರೊಸೆಸರಿನ ಬಿಸಿಯನ್ನು ಹೊತ್ತು ರೇಡಿಯೇಟರಿಗೆ ಒಯ್ಯುತ್ತದಂತೆ. ಅಲ್ಲಿ ದೊಡ್ಡ ಫ್ಯಾನು ಮೆಲ್ಲಗೆ ತಿರುಗಿದರೆ ಸಾಕಂತೆ. ಹೆಂಡತಿ ಯಶೋದೆ ಮಾತ್ರ ಒಪ್ಪಲಿಲ್ಲ. "ಕರೆಂಟ್ ಇರುವಲ್ಲಿ ನೀರಾ? ಬೇಡ. ಶಬ್ದದಿಂದ ನನಗೆ ಎಂತ ತೊಂದರೆಯೂ ಇಲ್ಲ." ಗಂಡನ ಕೆಲಸಕ್ಕಾಗಿ ಎಷ್ಟು ತಾಳ್ಮೆ ಎಂದು ನಾನು ಒಳಗೊಳಗೇ ಬೀಗಿದೆ.

ಒಂದು ಭಾನುವಾರ ನಾನೇ ಜೋಡಿಸಿದೆ. ಪೈಪಿನ ಸಂದುಗಳ ಕೆಳಗೆ ಟಿಶ್ಯೂ ಪೇಪರ್ ಹಾಸಿ, ಹನಿ ಬಿದ್ದೀತೇ ಎಂದು ಮಗುವಿನ ತೊಟ್ಟಿಲ ಬಳಿ ಕೂತವನಂತೆ ಕಾದೆ. ಬೀಳಲಿಲ್ಲ. ಊಟವಾದ ಮೇಲೆ ಸ್ವಿಚ್ ಒತ್ತಿದರೆ ಕಂಪ್ಯೂಟರು ಓಡುತ್ತಿದೆ, ಸದ್ದೇ ಇಲ್ಲ! ಆ ಸಂತೋಷದಲ್ಲಿ ಕಿವಿಗೊಟ್ಟು ಕೂತಿದ್ದಾಗಲೇ ಒಳಕೋಣೆಯಿಂದ ಮೆಲ್ಲಗೆ ಕೇಳಿಸಿತು: "ಯಶೋದಾ, ಊಟ ಆಯ್ತಾ ಮಗಳೇ?"

ಅದು ಕೋಡಿಂಬಾಳದ ನನ್ನ ಅತ್ತೆಯ ಸ್ವರ. ಅತ್ತೆ ಕಳೆದ ಮಳೆಗಾಲದಲ್ಲಿ ತೀರಿಕೊಂಡಿದ್ದರು.

ಎದ್ದು ಹೋಗಿ ನೋಡಿದೆ. ಯಶೋದೆ ಮಂಚದ ಮೇಲೆ ಮೊಬೈಲ್ ಹಿಡಿದು, ಅಮ್ಮ ಹಿಂದೆಂದೋ ವಾಟ್ಸಾಪಿನಲ್ಲಿ ಕಳಿಸಿದ್ದ ಆ ಮಾತನ್ನು ಮತ್ತೆ ಮತ್ತೆ ಹಾಕಿ ಅಳುತ್ತಿದ್ದಳು. ಅತ್ತೆಯ ಉತ್ತರಕ್ರಿಯೆ, ಬೊಜ್ಜ ಮುಗಿದ ಮೇಲೆ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ. ಗಟ್ಟಿ ಹೆಂಗಸು, ಬೇಗ ಸುಧಾರಿಸಿಕೊಂಡಳು ಎಂದು ನೆಂಟರಲ್ಲಿ ಹೊಗಳಿಯೂ ಇದ್ದೆ.

"ಕಂಪ್ಯೂಟರಿನ ಶಬ್ದ ಇರುವಾಗ ನಾನು ಅತ್ರೆ ನಿಮಗೆ ಕೇಳ್ತಿರಲಿಲ್ಲ," ಎಂದಳು. "ಅದಕ್ಕೇ ನೀರು ಬೇಡ ಹೇಳಿದ್ದು."

"ನನ್ನ ಹತ್ರ ಹೇಳಬಹುದಿತ್ತಲ್ಲ?"

"ಹೇಳಿದ್ರೆ ನೀವು ರಿಪೇರಿಗೆ ಹೊರಡ್ತೀರಿ."

ನಾನು ಹೊರಟೇಬಿಟ್ಟಿದ್ದೆ. "ಕೊಡು ಇಲ್ಲಿ. ಹಿಂದೆ ಗ್ರೈಂಡರ್ ಶಬ್ದ ಉಂಟಲ್ಲ, ಅದನ್ನು ತೆಗೀತೇನೆ. ಅತ್ತೆಯ ಸ್ವರ ಮಾತ್ರ ಉಳಿಸಿ ಕೊಡ್ತೇನೆ."

ಅವಳು ಮೊಬೈಲನ್ನು ಎದೆಗೆ ಒತ್ತಿಕೊಂಡಳು. "ಬೇಡ. ಅಮ್ಮ ಸಾಂಬಾರಿಗೆ ಕಡೀತಾ ಮಾತಾಡಿದ್ದು ಅದು. ಸುಮ್ಮನೆ ಕೂತು ಕೇಳಿ."

ಕೂತೆ. ಗ್ರೈಂಡರಿನ ಗರಗರ, ಅದಕ್ಕಿಂತ ಮೇಲೆ ಸ್ವರ ಎತ್ತಿದ ಅತ್ತೆ. ಊಟ ಆಯ್ತಾ, ಅಳಿಯಂದಿರಿಗೆ ಶೀತ ಕಮ್ಮಿಯಾಯ್ತಾ, ಯಾವಾಗ ಬರುದು? ಕೊನೆಗೆ, "ಇಲ್ಲಿ ಶಬ್ದ ಮಗಳೇ, ನಾನು ಹೇಳುದು ಕೇಳ್ತದಾ?"

"ಕೇಳ್ತದೆ ಅತ್ತೆ," ಎಂದುಬಿಟ್ಟೆ.

ಯಶೋದೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ನನ್ನನ್ನು ನೋಡಿದಳು. "ಅಬ್ಬ, ನಿಮಗೂ ಕೇಳಿತಲ್ಲ," ಎಂದಳು.