ಬಚ್ಚಲ ಶೀಟಿನ ಮೇಲೆ ಮೂಡಿದ ಲಿಂಗ

ಹೆಂಡತಿ ಹೆಲ್ಮೆಟ್ ಹಾಕಿಕೊಂಡು ಸ್ನಾನ ಮಾಡುವ ಮನೆಯಲ್ಲಿ ಗಂಡನಾದವನು ಹೆಚ್ಚು ವಿಚಾರವಂತಿಕೆ ತೋರಿಸಬಾರದು ಎಂಬುದು ನನ್ನ ಅನುಭವದ ಮಾತು. ಕೇಳಿ ನಿಮಗೆ ನಗು ಬರಬಹುದು. ನನಗೂ ಮೊದಲು ಬಂದಿತ್ತು. ಬಚ್ಚಲ ಬಾಗಿಲ ಹೊರಗೆ ನಿಂತು ನಕ್ಕೇಬಿಟ್ಟಿದ್ದೆ. ಆಮೇಲೆ ಕೆಲವು ದಿನ ಉಪ್ಪಿಲ್ಲದ ಸಾರು ಉಂಡ ಮೇಲೆ, ಸಂಸಾರದಲ್ಲಿ ಕೆಲವು ನಗುವನ್ನು ತೋಟದಲ್ಲಿ ಒಬ್ಬನೇ ಇರುವಾಗ ನಗಬೇಕು ಎಂಬ ಜ್ಞಾನೋದಯವಾಯಿತು.

ನಮ್ಮದು ತಿಪಟೂರಿಗೂ ಹಂದನಕೆರೆಗೂ ನಡುವಿನ ಒಂದು ಊರು. ಬಚ್ಚಲ ನೀರು ಹರಿದು ಹೋಗುವ ಕಡೆ ಒಂದು ತೆಂಗಿನ ಸಸಿ ನೆಡುವುದು ನಮ್ಮ ಕಡೆಯ ರೂಢಿ. ನಾನು ಹುಟ್ಟಿದಾಗ, ಬಾಣಂತಿಗೆ ಎರೆದ ನೀರು ಸುಮ್ಮನೆ ಹಾಳಾಗಬಾರದೆಂದು ನಮ್ಮಪ್ಪ ಹಿತ್ತಲಲ್ಲಿ ಒಂದು ಸಸಿ ನೆಟ್ಟರು. ತೋಟದ ಬೋರ್‌ವೆಲ್ ಕೈಕೊಟ್ಟ ವರ್ಷಗಳಲ್ಲೂ ಇದಕ್ಕೆ ಸೋಪಿನ ನೀರು ತಪ್ಪಲಿಲ್ಲ. ಸುಖವಾಗಿ ಬೆಳೆಯಿತು, ನಡುವಯಸ್ಸಿಗೆ ಬಂದ ಮೇಲೆ ಸೊಂಟ ಬಗ್ಗಿಸಿಕೊಂಡು ಬಚ್ಚಲ ಮನೆಯ ಸೂರಿಗೆ ಹಾಕಿದ್ದ ಸಿಮೆಂಟ್ ಶೀಟಿನ ಮೇಲೆಯೇ ತಲೆ ಚಾಚಿ ನಿಂತುಬಿಟ್ಟಿತು. ಇನ್ನು ನಮ್ಮ ಉಂಡೆ ಕೊಬ್ಬರಿಯ ವಿಚಾರ ನಿಮಗೆ ಗೊತ್ತಲ್ಲ. ಕಾಯಿ ಚೆನ್ನಾಗಿ ಬಲಿಯಬೇಕು, ತಾನಾಗಿ ಉದುರಿದರೆ ಇನ್ನೂ ಒಳ್ಳೆಯದು, ಆಮೇಲೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಬೇಕು. ಹೀಗಾಗಿ ಮುಂಚೆಯೇ ಕಾಯಿ ಕೆಡವಿಸಲು ನನಗೆ ಮನಸ್ಸು ಬಾರದು. ಉದುರುವ ಕಾಯಿಗಾದರೋ ಒಳಗೆ ಯಾರು ಸ್ನಾನ ಮಾಡುತ್ತಿದ್ದಾರೆ ಎಂಬ ವಿಚಾರಣೆ ಬೇಕಿಲ್ಲ. ಒಂದು ಕಾಯಿ ಶೀಟು ಒಡೆದುಕೊಂಡು ಬಂದು ಹಂಡೆಯ ಪಕ್ಕದಲ್ಲಿ ಕುಳಿತಿತು. ಹೊಸ ಶೀಟು ಹಾಕಿಸಿದೆ. ಅದನ್ನು ನೋಡಲು ಇನ್ನೊಂದು ಬಂತು.

ಅಂದಿನಿಂದ ನನ್ನಾಕೆ ಗಿರಿಜೆ ನನ್ನ ಸ್ಕೂಟರಿನ ಹೆಲ್ಮೆಟ್ಟನ್ನು ಬಚ್ಚಲ ಮೊಳೆಗೆ ತಗುಲಿಹಾಕಿದಳು. ಮೈಗೇನೋ ನೀರು ಹಾಕಿಕೊಳ್ಳಬಹುದು, ಹೆಲ್ಮೆಟ್ಟಿನ ಮೇಲೆ ಸೀಗೆಪುಡಿ ಉಜ್ಜಿ ಏನು ಪ್ರಯೋಜನ? ತಲೆಗೆ ನೀರು ಹಾಕಿಕೊಳ್ಳುವುದಕ್ಕೆಂದೇ ಬಸ್ಸು ಹತ್ತಿ ತುರುವೇಕೆರೆಯ ತಂಗಿಯ ಮನೆಗೆ ಹೋಗಿ ಬರುವ ಹೆಂಗಸು ನಮ್ಮ ಸೀಮೆಯಲ್ಲಿ ಅವಳೊಬ್ಬಳೇ ಇರಬೇಕು. ಕೊನೆಗೊಂದು ದಿನ ಅವಳ ತಾಳ್ಮೆ ಮುಗಿಯಿತು. "ನೋಡ್ರೀ, ಯುಗಾದಿ ಎಣ್ಣೆ ನೀರು ನಾನು ನನ್ ಮನೆ ಬಚ್ಚಲಲ್ಲೇ ಹಾಕ್ಕೊಬೇಕು. ಇಲ್ಲಾಂದ್ರೆ ಹಬ್ಬಾನೂ ತಂಗಿ ಮನೇಲೇ ಮಾಡ್ತೀನಿ. ಒಬ್ಬಟ್ಟು ನೀವೇ ತಟ್ಕೊಳ್ಳಿ" ಎಂದಳು. ಫಲ ಬಿಡುವ ತೆಂಗನ್ನು ಕಡಿಯುವುದೆಂದರೆ ನಮ್ಮಲ್ಲಿ ಹೆತ್ತ ಮಗುವನ್ನು ಕಡಿದ ಹಾಗೆ. ಆದರೆ ಒಬ್ಬಟ್ಟು ತಟ್ಟುವುದು ನನಗೆ ಅದಕ್ಕಿಂತ ಕಷ್ಟ. ಮರ ಕೊಯ್ಯುವ ಕಾಳಣ್ಣನಿಗೆ ಮಾರನೆಯ ದಿನ ಬಾ ಎಂದು ಹೇಳಿ ಕಳಿಸಿದೆ.

ಆ ಸಂಜೆ ಕೊಬ್ಬರಿ ಒಡೆಯುವ ಕೆಲಸ ಮುಗಿಸಿ ಬಂದವನು ಮರದ ಬುಡದಲ್ಲಿ ನಿಂತು ಮೇಲೆ ನೋಡಿದೆ. ಒಂದು ಫೋಟೋ ಆದರೂ ಇರಲಿ ಎಂದು ಫೋನು ತೆಗೆದೆ. ಅದರ ಕ್ಯಾಮೆರಾ ಕಣ್ಣು ಮಸುಕಾಗಿತ್ತು. ಹೆಬ್ಬೆರಳಿನಿಂದ ಮೇಲಿಂದ ಕೆಳಕ್ಕೆ ಒಮ್ಮೆ ಒರೆಸಿದೆ. ಕೊಬ್ಬರಿ ಮುಟ್ಟುವವರ ಕೈಯ ಜಿಡ್ಡು ಯಾವ ಸೋಪಿಗೂ ಪೂರ್ತಿ ಬಗ್ಗುವುದಿಲ್ಲ ಎಂಬುದು ಆಗ ನೆನಪಾಗಲಿಲ್ಲ. ಗರಿಗಳ ನಡುವೆ ಸೂರ್ಯ ಇಳಿಯುತ್ತಿದ್ದ. ಕ್ಲಿಕ್ಕಿಸಿ, "ನಾಳೆ ಈ ಮರ ತೆಗೆಸುತ್ತಿದ್ದೇವೆ" ಎಂದು ಬರೆದು ನಮ್ಮ ಮನೆತನದವರ ಗ್ರೂಪಿಗೆ ಹಾಕಿ ಕೈಕಾಲು ತೊಳೆಯಲು ಹೋದೆ. ಮುಖ ಒರೆಸಿಕೊಳ್ಳುವಷ್ಟರಲ್ಲಿ ಕೆಂಕೆರೆಯ ಚಿಕ್ಕಪ್ಪನ ಫೋನು.

"ಲೇ, ಕಣ್ಣು ನೆಟ್ಟಗವೇನ್ಲಾ ನಿಂಗೆ? ಸೂರ್ಯನ ಹಣೆ ಮ್ಯಾಲೆ ಈಬೂತಿ ಪಟ್ಟೆ ಕಣ್ಲಾ! ಮೂರೆಳೆ! ಕೆಳಗಡೆ ನೋಡು, ಹಸರು ಲಿಂಗ ಕುಂತೈತೆ!"

ನೋಡಿದೆ. ಸೂರ್ಯನ ಮೇಲೆ ಈ ಅಂಚಿನಿಂದ ಆ ಅಂಚಿಗೆ ಅಡ್ಡಲಾಗಿ ಬೆಳ್ಳನೆಯ ಪಟ್ಟೆ ಇದ್ದದ್ದು ನಿಜ. ಮೂರೆಳೆ ಚಿಕ್ಕಪ್ಪ ಎಣಿಸಿದ್ದು, ನನಗೆ ಕಂಡದ್ದು ಒಂದೂವರೆ. ಚಿತ್ರದ ಕೆಳಗೆ ಬಚ್ಚಲ ಶೀಟಿನ ಮೇಲೆ ಹಸಿರು ಬೆಳಕಿನ ಒಂದು ಉಂಡೆ ಕುಳಿತಿತ್ತು.

"ಚಿಕ್ಕಪ್ಪ, ಅದು ಬಚ್ಚಲು ಮನೆ."

"ಸ್ಮಶಾನದಾಗೆ ಇರೋನಿಗೆ ಬಚ್ಚಲೇನ್ಲಾ! ಆ ಮರಕ್ಕೇನಾರ ಕೈ ಹಾಕ್ದೋ, ನಮ್ ವಂಶಕ್ಕೇ ಒಳ್ಳೇದಲ್ಲ, ಹೇಳಿವ್ನಿ."

ಬೆಳಿಗ್ಗೆ ಕಾಳಣ್ಣ ಗರಗಸವನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದ. ಫೋಟೋ ಅವನಿಗಿಂತ ಮುಂಚೆ ಅವನ ಫೋನಿಗೆ ಬಂದಿತ್ತು. ಹಿತ್ತಲ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಬಚ್ಚಲ ಮನೆಗೆ ಕೈಮುಗಿದು, "ನನ್ನ ಬುಟ್ಬುಡಣ್ಣ, ನಂಗೂ ಮಕ್ಳು ಮರಿ ಅವೆ" ಎಂದು ಗರಗಸ ಬಿಚ್ಚದೆ ಹೊರಟುಹೋದ. ಗಿರಿಜೆ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ, ಅದನ್ನು ತಡೆಯುವ ಹೆಲ್ಮೆಟ್ಟು ಇನ್ನೂ ಬಂದಿಲ್ಲ.

ಸೂರ್ಯನ ಎದುರು ಕ್ಯಾಮೆರಾಗಳು ತಲೆ ಕೆಡಿಸಿಕೊಳ್ಳುವುದು ನನಗೆ ಹೊಸದಲ್ಲ. ಹಿಂದೆ ನನ್ನಲ್ಲಿ ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ ಇತ್ತು. ಅರಳಗುಪ್ಪೆಗೆ ಹೋಗಿದ್ದಾಗ ಗುಡಿಯ ಮೇಲಿನ ಸೂರ್ಯನನ್ನೂ ಸೇರಿಸಿ ಒಂದು ಚಿತ್ರ ತೆಗೆದರೆ ಸೂರ್ಯನ ನಟ್ಟನಡುವೆ ಕರಿಯ ತೂತು! ಗಿರಿಜೆ ಅದನ್ನು ನೋಡಿದವಳೇ "ಗ್ರಹಣ ಹಿಡಿದೈತೆ" ಎಂದು ತಂದಿದ್ದ ಬುತ್ತಿಯನ್ನು ಬಿಚ್ಚಲೇ ಇಲ್ಲ. ಆಕಾಶದಲ್ಲಿ ಸೂರ್ಯ ಧಗಧಗ ಉರಿಯುತ್ತಿದ್ದಾನೆ, ನಾವು ಗುಡಿಯ ಜಗುಲಿಯಲ್ಲಿ ಚಿತ್ರಾನ್ನದ ವಾಸನೆ ಕುಡಿಯುತ್ತ ಮೋಕ್ಷಕಾಲಕ್ಕೆ ಕಾಯುತ್ತಿದ್ದೇವೆ. ಆ ಹಸಿವಿನ ಸಿಟ್ಟಿನಲ್ಲಿ ನಾನು ಇದರ ವಿಚಾರ ಹುಡುಕಿ ಓದಿದೆ. ಬೆಳಕು ಮಿತಿಮೀರಿ ನುಗ್ಗಿದರೆ ಕೆಲವು ಕ್ಯಾಮೆರಾಗಳು ಒಳಗಿನ ಲೆಕ್ಕ ತಲೆಕೆಳಗಾಗಿ, ಎಲ್ಲಕ್ಕಿಂತ ಬೆಳ್ಳಗಿರುವುದನ್ನೇ ಕಪ್ಪು ಎಂದು ತೋರಿಸುತ್ತವಂತೆ. ಗಾಜಿನ ಒಳಗೇ ಬೆಳಕು ಪುಟಿದಾಡಿ ಚಿತ್ರದಲ್ಲಿ ಸೂರ್ಯನ ಎದುರು ಮೂಲೆಗೆ ಒಂದು ಬಣ್ಣದ ಮಚ್ಚೆ ಬೀಳುವುದೂ ಇದೆಯಂತೆ. ಡಿಗ್ರಿಯನ್ನು ಅರ್ಧಕ್ಕೆ ಬಿಟ್ಟವನಿಗೆ ಇಂಥದ್ದು ಗೊತ್ತಿದ್ದರೆ ಬಾಯಿ ಸುಮ್ಮನಿರುವುದಿಲ್ಲ ನೋಡಿ.

ಅಂದು ಸಂಜೆಯಿಂದಲೇ ಹಿತ್ತಲಿಗೆ ಜನ ಬರತೊಡಗಿದರು. ಎಲ್ಲರೂ ಫೋನು ತೆಗೆದು, ಅಭ್ಯಾಸಬಲದಿಂದ ಬೆರಳಲ್ಲಿ ಒಮ್ಮೆ ಒರೆಸಿ ಕ್ಲಿಕ್ಕಿಸುವರು. ಎಲ್ಲರದೂ ಕೊಬ್ಬರಿ ಕೈ, ಎಲ್ಲರಿಗೂ ಪಟ್ಟೆಯ ದರ್ಶನ. ದರ್ಶನವಾಗದೆ ಹೋದದ್ದು ಶಾಲೆಯ ಮೇಷ್ಟ್ರಿಗೆ ಮಾತ್ರ. ಅವರು ಹೊರ ಊರಿನವರು, ತೋಟವಿಲ್ಲ, ಫೋನನ್ನು ಕನ್ನಡಕದ ಬಟ್ಟೆಯಿಂದ ಒರೆಸುವಷ್ಟು ಶುಭ್ರ ಮನುಷ್ಯ. ಎಷ್ಟು ಸಲ ತೆಗೆದರೂ ಅವರ ಸೂರ್ಯನ ಹಣೆ ಬೋಳು. ಜನ ಅವರನ್ನು ಕನಿಕರದಿಂದ ನೋಡಿದರು. "ಏನಾರ ತಪ್ಪು ನಡೆದೈತಾ ಮೇಷ್ಟ್ರೇ?" ಎಂದು ಯಾರೋ ಮೆಲ್ಲಗೆ ಕೇಳಿಯೂಬಿಟ್ಟರು. ಪಾಪ, ಅವರು ಎಳೆತನದಿಂದ ಈಚೆಗಿನ ತಮ್ಮ ನಡತೆಯನ್ನೆಲ್ಲ ನೆನೆಯುತ್ತ ಬೇಲಿಯ ಪಕ್ಕ ನಿಂತರು. ಫೋನಿಲ್ಲದ ಒಬ್ಬ ಅಜ್ಜಿ ಬರಿಗಣ್ಣಿನಿಂದ ಸೂರ್ಯನನ್ನೇ ದಿಟ್ಟಿಸುತ್ತಿದ್ದಳು. ಕಣ್ಣು ಹಾಳಾಗುತ್ತದೆ ಎಂದು ನಾನು ಓಡಿಹೋಗಿ ಅವಳನ್ನು ಆಚೆ ತಿರುಗಿಸಿದೆ. ತಿರುಗಿದವಳಿಗೆ ನಮ್ಮ ಕೊಟ್ಟಿಗೆಯ ಎಮ್ಮೆಯ ಮೇಲೂ ಹಸಿರು ಲಿಂಗ ಕಾಣಿಸಿತಂತೆ. ಹಾಗೆ ದಿಟ್ಟಿಸಿದ ಮೇಲೂ ಕಾಣದಿದ್ದರೆ ಅದು ಪವಾಡ.

ಎಲ್ಲಕ್ಕಿಂತ ಕೆಟ್ಟದಾದದ್ದು ಬಚ್ಚಲಿನ ಗತಿ. ಬಾಗಿಲಿಗೆ ಚೆಂಡುಹೂವಿನ ಹಾರ ಬಿತ್ತು. ಹೊಸ್ತಿಲಿಗೆ ವಿಭೂತಿ ಬಂತು. ಗಿರಿಜೆ ಟವಲು ಹಿಡಿದುಕೊಂಡು ಹೋದರೆ, "ಅಯ್ಯೋ, ಅಲ್ಲಿ ಮೈ ತೊಳೀಬ್ಯಾಡಿ ಕಣವ್ವಾ" ಎಂದು ಹೆಂಗಸರು ಅಡ್ಡ ನಿಂತರು. ಹೆಲ್ಮೆಟ್ಟು ಹಾಕಿಕೊಂಡಾದರೂ ನಡೆಯುತ್ತಿದ್ದ ಸ್ನಾನ ಈಗ ಕೊಟ್ಟಿಗೆಯ ಹಿಂದೆ, ಸೀರೆ ಅಡ್ಡ ಕಟ್ಟಿಕೊಂಡು, ಎಮ್ಮೆಯ ಸಮಕ್ಷಮದಲ್ಲಿ ನಡೆಯುವ ಹಾಗಾಯಿತು. ಯುಗಾದಿ ಹತ್ತಿರ ಬರುತ್ತಿತ್ತು. ಅವಳು ಮಂಚದ ಕೆಳಗಿನ ಬ್ಯಾಗನ್ನು ಎಳೆದು ಧೂಳು ಕೊಡವಿದಳು. ನನಗೆ ನಿಜವಾಗಿ ಹೆದರಿಕೆಯಾಯಿತು.

ಸತ್ಯ ಹೇಳಿಬಿಡುವುದೇ ಒಳ್ಳೆಯದು ಎಂದು ಮಾರನೆಯ ಸಂಜೆ ಎಲ್ಲರ ಮುಂದೆ ನಿಂತೆ. ಕೈಯನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದೆ, ಒಗೆದ ಬಟ್ಟೆಯಲ್ಲಿ ಕ್ಯಾಮೆರಾ ಕಣ್ಣು ಒರೆಸಿ ಫೋಟೋ ತೆಗೆದೆ. ಪಟ್ಟೆ ಇಲ್ಲ. ಬೆರಳಿಗೆ ಕೊಬ್ಬರಿ ಎಣ್ಣೆ ಮುಟ್ಟಿಸಿಕೊಂಡು ಮೇಲಿಂದ ಕೆಳಕ್ಕೆ ಎಳೆದು ಮತ್ತೆ ತೆಗೆದೆ. ಅಡ್ಡ ಪಟ್ಟೆ ಠಳಠಳ ಎಂದಿತು. "ನೋಡಿದ್ರಾ? ಇದು ಲಿಂಗವೂ ಅಲ್ಲ, ವಿಭೂತಿಯೂ ಅಲ್ಲ. ಒಂದು ಗಾಜಿನ ಆಟ, ಇನ್ನೊಂದು ನಮ್ಮ ಕೈಯ ಎಣ್ಣೆ!" ಎಂದೆ. ಎಲ್ಲರೂ ಎರಡು ಫೋಟೋಗಳನ್ನೂ ಬಗ್ಗಿ ಬಗ್ಗಿ ನೋಡಿದರು. ವಿಜ್ಞಾನ ಗೆದ್ದಿತೆಂದು ಎದೆ ಉಬ್ಬಿಸಿದೆ. ಕೆಂಕೆರೆಯಿಂದ ಬಂದು ನಮ್ಮಲ್ಲೇ ಬೀಡು ಬಿಟ್ಟಿದ್ದ ಚಿಕ್ಕಪ್ಪ ಎದ್ದು ನಿಂತರು.

"ಕೇಳುದ್ರಾ? ಎಣ್ಣೆ ಮುಟ್ಟಿಸಿ ಕರುದ್ರೆ ಬತ್ತಾನಂತೆ. ಒಣಗೈಲಿ ಕರುದ್ರೆ ಯಾವ ದ್ಯಾವ್ರು ತಾನೇ ಬಂದಾನು! ಮೇಷ್ಟ್ರೇ, ಬನ್ನಿ ಇತ್ಲಾಗೆ."

ಮೇಷ್ಟ್ರು ತಮ್ಮ ಫೋನಿಗೆ ಎಣ್ಣೆ ಸವರಿ ಕ್ಲಿಕ್ಕಿಸಿದರು. ಪಟ್ಟೆ ಬಂತು. ಅವರ ಕಣ್ಣಲ್ಲಿ ನೀರೂ ಬಂತು. ಅಂದಿನಿಂದ ಬಚ್ಚಲ ಹೊಸ್ತಿಲಲ್ಲಿ ಒಂದು ಎಣ್ಣೆ ಬಟ್ಟಲು ಖಾಯಮ್ಮಾಗಿ ಕುಳಿತಿತು. ಅಷ್ಟಕ್ಕಾದರೂ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು. "ಅಡ್ಡಡ್ಡ ಒರೆಸಿದರೆ ಪಟ್ಟೆ ಉದ್ದಕ್ಕೆ ಬರುತ್ತೆ, ಇದರಲ್ಲೇನಿದೆ" ಎಂದು ಹಲ್ಲು ಕಿಸಿದೆ. ಮರುದಿನ ರಂಗನಾಥನ ಒಕ್ಕಲಿನವರು ಬಂದರು, ಅಡ್ಡಡ್ಡ ಒರೆಸಿದರು, ಸೂರ್ಯನ ಹಣೆಯ ಮೇಲೆ ಉದ್ದನೆಯ ನಾಮ ಪಡೆದು ಕೈಮುಗಿದರು. ಹರಿಗೂ ಹರನಿಗೂ ನಮ್ಮ ಬಚ್ಚಲಲ್ಲಿ ಜಾಗ ಸಿಕ್ಕಿತು. ನಮಗಿಬ್ಬರಿಗೆ ಮಾತ್ರ ಸಿಗಲಿಲ್ಲ.

ಬ್ಯಾಗಿಗೆ ಸೀರೆ ಜೋಡಿಸುತ್ತಿದ್ದ ಗಿರಿಜೆ ಒಮ್ಮೆಲೇ ಕೈ ನಿಲ್ಲಿಸಿದಳು. "ರೀ, ಫೋನು ಆ ಕಡೆ ಈ ಕಡೆ ತಿರುಗ್ಸಿದ್ರೆ ಆ ಹಸಿರು ಉಂಡೆನೂ ಜಾಗ ಬದಲಾಯಿಸುತ್ತಲ್ರೀ?"

ಕೇಳುವವರು ಸಿಕ್ಕರಲ್ಲ ಎಂದು ನಾನು ಸಂತೋಷದಿಂದ ವಿವರಿಸಿದೆ. "ಹೂಂ ಕಣೇ. ಸೂರ್ಯ ಚಿತ್ರದ ಮೇಲಿದ್ದರೆ ಅದು ಕೆಳಗೆ, ಸೂರ್ಯ ಬಲಕ್ಕಿದ್ದರೆ ಅದು ಎಡಕ್ಕೆ."

"ಅಂದ್ರೆ ಅದನ್ನ ಎಲ್ಲಿ ಬೇಕಾದ್ರೂ ಕೂರಿಸ್ಬೋದು?"

"ಕೂರಿಸಬಹುದು."

"ಹಂಗಾದ್ರೆ ಹೋಗಿ ಆ ಒಗೆಯೋ ಕಲ್ಲಿನ ಮೇಲೆ ಕೂತ್ಕಳ್ಳಿ."

ಒಗೆಯುವ ಕಲ್ಲು ಹಿತ್ತಲಿನ ಆ ತುದಿಗಿದೆ, ಬಚ್ಚಲಿಗೂ ಮರಕ್ಕೂ ಬಹಳ ದೂರ. ಏಕೆಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ, ಹೋಗಿ ಕುಳಿತೆ. ಅವಳು ಎಣ್ಣೆ ಬಟ್ಟಲಲ್ಲಿ ಬೆರಳದ್ದಿ, ಫೋನು ಒರೆಸಿ, ಅತ್ತಿತ್ತ ವಾಲಿಸಿ ಕ್ಲಿಕ್ಕಿಸಿದಳು. ನನ್ನ ಬೋಳುತಲೆಯ ಮೇಲೆ ಹಸಿರು ಲಿಂಗ ಮುಕ್ಕಾಗದ ಹಾಗೆ ಕುಳಿತಿತ್ತು. ನಾನು ಬೇಡ ಬೇಡ ಎನ್ನುವುದರೊಳಗೆ ಚಿತ್ರ ಗ್ರೂಪಿಗೆ ಹೋಯಿತು. ಕೆಳಗೆ ಅವಳದೇ ಬರಹ: "ಮರ ಬಿಟ್ಟು ಇವರ ಮೇಲೆ ಬಂದಿದ್ದಾನೆ. ಮರದಲ್ಲಿ ಈಗ ಏನೂ ಇಲ್ಲ." ನಡುಮನೆಯಲ್ಲಿ ಕಾಫಿ ಕುಡಿಯುತ್ತಿದ್ದ ಚಿಕ್ಕಪ್ಪ ಬರಿಗಾಲಲ್ಲಿ ಓಡಿಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹುಟ್ಟಿದಾಗಿನಿಂದ ನನ್ನನ್ನು ದಂಡಪಿಂಡ ಎಂದು ಕರೆದ ಮನುಷ್ಯ ಅವರು. ಕೈ ಮುಗಿಯಲೋ ಬೇಡವೋ ಎಂದು ಬಹಳ ಹೊತ್ತು ಸಂಕಟಪಟ್ಟು, ಕೊನೆಗೆ "ಎಲ್ಲಾ ನಿಮ್ಮಪ್ಪನ ಪುಣ್ಯ ಕಣ್ಲಾ" ಎಂದು ಅರ್ಧ ಕೈ ಮುಗಿದರು.

"ಇದು ಮೋಸ ಕಣೇ" ಎಂದು ಒಳಗೆ ಬಂದು ಪಿಸುಗುಟ್ಟಿದೆ. "ಮರ ಬೀಳೋವರ್ಗೂ ಸುಮ್ನಿರ್ರೀ. ಇಷ್ಟು ದಿನ ನಿಜ ಹೇಳಿ ಏನ್ ಕಿತ್ತಾಕಿದ್ರಿ?" ಎಂದಳು. ಕಾಳಣ್ಣನಿಗೆ ಮತ್ತೆ ಹೇಳಿ ಕಳಿಸಿದೆ. ಕಾಳಣ್ಣ ನಿಶ್ಚಿಂತೆಯಿಂದ ಬಂದ. ಚಪ್ಪಲಿ ಹಾಕಿಕೊಂಡೇ ಬಚ್ಚಲ ಮುಂದೆ ಓಡಾಡಿದ. ಹಗ್ಗ ಬಿಗಿದು, ತಲೆ ಕಡೆಯಿಂದ ತುಂಡು ತುಂಡಾಗಿ ಇಳಿಸಿದ. ನಾನು ಮುಖ ತಿರುಗಿಸಿಕೊಂಡು ನಿಂತಿದ್ದೆ. ಕಣ್ಣು ತುಂಬಿತ್ತು, ಸುಳ್ಳು ಹೇಳುವುದಿಲ್ಲ. ಸುತ್ತಲಿದ್ದವರು ಅದನ್ನು ಭಕ್ತಿಪರವಶತೆ ಎಂದುಕೊಂಡು ಫೋಟೋ ತೆಗೆದರು.

ಯುಗಾದಿಯ ಬೆಳಿಗ್ಗೆ ಗಿರಿಜೆ ಹಂಡೆಯ ಒಲೆಗೆ ತೆಂಗಿನ ಮಟ್ಟೆ ಒಟ್ಟಿ ನೀರು ಕಾಯಿಸಿದಳು. ನೆತ್ತಿಗೆ ಎಣ್ಣೆ ತಟ್ಟಿಕೊಂಡು, ಮೇಲೊಮ್ಮೆ ಬರಿಯ ಆಕಾಶ ನೋಡಿ, ಬಚ್ಚಲು ಹೊಕ್ಕಳು. ಒಳಗಿನಿಂದ ತಂಬಿಗೆಯ ಸದ್ದು, ನೀರು ಸುರಿಯುವ ಸದ್ದು, ನಡುವೆ ಅವಳು ಗುನುಗುವ ಸದ್ದು ಕೇಳಿಸಿತು. ಅವಳು ಗುನುಗಿದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೋ! ನನ್ನ ಸರದಿಗೆ ಕಾಯುತ್ತ, ಮೈಗೆಲ್ಲ ಎಣ್ಣೆ ಬಳಿದುಕೊಂಡು, ಚಡ್ಡಿಯಲ್ಲಿ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದೆ. ಅಷ್ಟರಲ್ಲಿ ಬೆಳಗಿನ ದರ್ಶನದವರು ಬಂದರು. ಮೇಷ್ಟ್ರು ಮುಂದಿದ್ದರು, ಹಿಂದೆ ಚಿಕ್ಕಪ್ಪ, ಅವರ ಹಿಂದೆ ಊರು. ಎದ್ದು ಓಡಬೇಕೆಂದುಕೊಂಡೆ. ಆದರೆ ಮೇಷ್ಟ್ರ ಫೋನು ಸ್ವಲ್ಪ ವಾಲಿತ್ತು, ಲಿಂಗ ನನ್ನ ಕಿವಿಯ ಮೇಲೆ ಬೀಳುವಂತಿತ್ತು. "ಒಂಚೂರು ಎಡಕ್ಕೆ ಹಿಡೀರಿ ಮೇಷ್ಟ್ರೇ" ಎಂದುಬಿಟ್ಟೆ. ಗದ್ದವನ್ನೂ ತುಸು ಎತ್ತಿದೆ.

ಬಹಳ ಹೊತ್ತಿನ ಮೇಲೆ ಬಚ್ಚಲ ಬಾಗಿಲು ತೆರೆಯಿತು. ಕೆಂಪಗೆ ಕಾದ ಮುಖ, ತಲೆಗೆ ಸುತ್ತಿದ ಟವಲು, ಸೀಗೆಯ ಘಮ. ಹಣೆಯಿಂದ ಎಣ್ಣೆ ಇಳಿದು ಕಣ್ಣಿಗೆ ಹೋಗಿ ಉರಿಯುತ್ತಿದ್ದ ನನ್ನನ್ನೂ, ನನ್ನ ಮುಂದೆ ಕೈಮುಗಿದು ನಿಂತಿದ್ದ ಊರನ್ನೂ ಗಿರಿಜೆ ಒಮ್ಮೆ ನೋಡಿದಳು.

"ಹಂಡೆ ನೀರೆಲ್ಲಾ ಖಾಲಿ ಆಯ್ತು ಕಣ್ರೀ. ನಿಮ್ ಅಭಿಷೇಕ ನಾಳೆ" ಎಂದು ಒಬ್ಬಟ್ಟು ತಟ್ಟಲು ಒಳಗೆ ಹೋದಳು.

ನಾನು ಪ್ರಸನ್ನವಾಗಿ ನಕ್ಕೆ. ಎದುರಿಗೆ ಅಷ್ಟೊಂದು ಫೋನುಗಳಿರುವಾಗ ಬೇರೇನು ಮಾಡಲಿ?