ಐದು ಸೆಕೆಂಡಿನಲ್ಲಿ ಮುಗಿಯದ ಗಂಡನ ಹೆಸರು

ಶ್ರೀಮಾನ್ ಜಾಗೃತಿ ಯಂತ್ರ ಮಹಾಶಯರ ಸನ್ನಿಧಾನಕ್ಕೆ,
ಮುಕ್ಕಾಂ: ಆರೋಗ್ಯ ಕೇಂದ್ರದ ಪಡಸಾಲೆ, ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂದಿನ ಕೂಲಿಕಾರರ ಬಸ್ತಿ, ಹೈದರಾಬಾದು.
ದಿನಾಂಕ: ೧೪ ಜುಲೈ ೨೦೦೭

ಮಾನ್ಯರೇ,

ತಮಗೆ ಹಗಲೆಲ್ಲ ಕರೆಂಟು ಸಿಗಲಿ, ತಮ್ಮ ಗಾಜಿನ ಮುಖಕ್ಕೆ ಬಸ್ತಿಯ ಧೂಳು ತಾಗದಿರಲಿ, ತಮಗೆ ಹೊದಿಸಿರುವ ಜರಿಯಂಚಿನ ಬಟ್ಟೆಯನ್ನು ಯಾರೂ ಕದಿಯದಿರಲಿ ಎಂದು ಮೊದಲಿಗೆ ಹಾರೈಸಿ, ಈ ಊರಿನ ಕನ್ನಡ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತಳಾದ ಗಿರಿಜಾಬಾಯಿ ಎಂಬ ನಾನು ತಮ್ಮ ಅಮೂಲ್ಯ ಸಮಯವನ್ನು ಸ್ವಲ್ಪ ಬೇಡುತ್ತಿದ್ದೇನೆ. ಪತ್ರವನ್ನು ಬಹಿರಂಗವಾಗಿ ಬರೆಯಲು ಕಾರಣವೆಂದರೆ, ತಮಗೆ ಓದಲು ಬರುತ್ತದೆಯೋ ಇಲ್ಲವೋ ನನಗೆ ಖಾತ್ರಿಯಿಲ್ಲ. ಮಾತಾಡಲು ಬರುತ್ತದೆ ಎಂಬುದನ್ನು ಮಾತ್ರ ಇಡೀ ಬಸ್ತಿ ಬಲ್ಲದು.

ಕಳೆದ ದಸರೆಗೆ ಸಾಫ್ಟ್‌ವೇರ್ ಕಂಪನಿಯೊಂದು ತಮ್ಮನ್ನು ನಮಗೆ ದಾನ ಮಾಡಿದ ದಿನ ನಾನೂ ಅಲ್ಲಿದ್ದೆ. ತಮಗೆ ಕುಂಕುಮ ಹಚ್ಚಿದರು, ಕಾಯಿ ಒಡೆದರು, ಬಡ ಮಹಿಳೆಯರಲ್ಲಿ ಕುಟುಂಬ ಯೋಜನೆಯ ಅರಿವು ಇನ್ನು ಮುಂದೆ ಬೆರಳ ತುದಿಯಲ್ಲಿದೆ ಎಂದು ಟೈ ಕಟ್ಟಿದವರೊಬ್ಬರು ಭಾಷಣ ಮಾಡಿದರು. ತಾವು ನಾಲ್ಕು ಭಾಷೆ ಬಲ್ಲವರು. ತಮ್ಮ ಕನ್ನಡದ ದನಿ ಮೈಸೂರು ಕಡೆಯ ಹುಡುಗಿಯೊಬ್ಬಳದು ಎಂದು ಕೇಳಿದೆ. ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಹೆಣ್ಣುಮಕ್ಕಳು ಆ ದನಿ ‘ಗೌರವಾನ್ವಿತ ಮಹಿಳೆಯೇ, ಆಸೀನರಾಗಿ’ ಎಂದಾಗ ಯಾರೋ ಹಿಂದೆ ಬಂದರೆಂದು ತಿರುಗಿ ನೋಡಿದರು. ಅವರನ್ನು ಹಾಗೆ ಕರೆದವರು ಅದುವರೆಗೆ ಯಾರೂ ಇರಲಿಲ್ಲ, ಆದ್ದರಿಂದ ತಮಗೆ ನಮ್ಮ ಧನ್ಯವಾದಗಳು ಸಲ್ಲಲೇಬೇಕು.

ತಾವು ಕಲಿಸಿದ ಪಾಠದ ಬಗ್ಗೆಯೂ ಎರಡು ಮಾತು ಹೊಗಳದೆ ಮುಂದೆ ಹೋಗಲಾರೆ. ಹೆಚ್ಚು ಮಕ್ಕಳಾದರೆ ತಾಯಿಯ ದೇಹ ಸೋಲುತ್ತದೆ ಎಂದು ತಾವು ಬಣ್ಣದ ಚಿತ್ರ ತೋರಿಸಿ ವಿವರಿಸಿದ್ದನ್ನು ಏಳು ಹೆತ್ತ ಅಂಬವ್ವ ಬಾಯಿ ಬಿಟ್ಟುಕೊಂಡು ನೋಡಿದಳು. ನಳದ ಮುಂದೆ ಕೊಡ ಇಟ್ಟುಕೊಂಡು ಕಾಯುವ ಹೊತ್ತಿನಲ್ಲಿ ಯಾವ ಗುಳಿಗೆಗೆ ತಲೆ ತಿರುಗುತ್ತದೆ, ಕಾಪರ್-ಟಿ ಯಾರಿಗೆ ಒಗ್ಗಿತು, ಯಾರ ಗಂಡ ಏನು ಹೇಳಿದರೂ ಕೇಳುವುದಿಲ್ಲ ಎಂಬುದನ್ನೆಲ್ಲ ನಮ್ಮವರು ಎಷ್ಟೋ ವರ್ಷಗಳಿಂದ ಚರ್ಚಿಸುತ್ತ ಬಂದಿದ್ದಾರಾದರೂ, ಅದು ಅರಿವು ಎಂದು ಅವರಿಗೆ ತಾವು ಬರುವ ತನಕ ತಿಳಿದಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮನೆಯ ಹಿಂದಿನ ತಗಡಿನ ಗುಡಿಸಲಿನಲ್ಲಿ ಶಿವದೇವಿ ಎಂಬ ಇಪ್ಪತ್ತಾರರ ಹೆಣ್ಣುಮಗಳಿದ್ದಾಳೆ. ಮೂರು ಮಕ್ಕಳ ತಾಯಿ. ಮೂರನೆಯ ಹೆರಿಗೆಯಲ್ಲಿ ರಕ್ತ ನಿಲ್ಲದೆ ಎರಡು ದಿನ ಅವಳ ಆಸೆಯನ್ನೇ ಬಿಟ್ಟಿದ್ದೆವು. ಆಮೇಲೆ ಕಾಪರ್-ಟಿ ಹಾಕಿಸಿಕೊಂಡು ಅದೂ ಒಗ್ಗದೆ ತೆಗೆಸಿಕೊಂಡಳು. ಕೇಂದ್ರದ ಡಾಕ್ಟರ್ ನಳಿನಿ, ರಾಯಚೂರಿನವರು, ಅವಳ ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, ‘ಇನ್ನೊಂದು ಹೆರಿಗಿ ನೀ ತಡಿಯಾಂಗಿಲ್ಲವ್ವ, ಆಪರೇಷನ್ ಮಾಡಿಸ್ಕೊಂಡು ಬಿಡು’ ಎಂದು ಸ್ಪಷ್ಟವಾಗಿ ಹೇಳಿದ್ದರು. ಶಿವದೇವಿಗೆ ಒಪ್ಪಿಗೆಯಿತ್ತು. ಇಂಥ ಪತ್ರಗಳಲ್ಲಿ ಗಂಡ ಕುಡುಕನೋ ಹಟಮಾರಿಯೋ ಆಗಿರುವುದು ವಾಡಿಕೆ, ಆದರೆ ಶಂಶಾಬಾದಿನ ಹೊಸ ವಿಮಾನ ನಿಲ್ದಾಣದಲ್ಲಿ ಕಾಂಕ್ರೀಟು ಹಾಕುವ ಅವಳ ಗಂಡ ಮಲ್ಲಣ್ಣನಿಗೂ ಒಪ್ಪಿಗೆಯಿತ್ತು. ಒಪ್ಪದೆ ಉಳಿದವರು ತಾವೊಬ್ಬರೇ.

ತಿಂಗಳಿಗೊಮ್ಮೆ ನಡೆಯುವ ಶಸ್ತ್ರಚಿಕಿತ್ಸೆಯ ಶಿಬಿರಕ್ಕೆ ತಮ್ಮ ಚೀಟಿ ಬೇಕು. ಚೀಟಿ ಬೇಕಾದರೆ ತಮ್ಮ ಮುಂದೆ ಕೂತು ಪಾಠವನ್ನು ಪೂರ್ತಿ ಕೇಳಬೇಕು. ಕೇಳಿದ ಮೇಲೆ ತಾವು ‘ದಯವಿಟ್ಟು ತಮ್ಮ ಪತಿಯ ಹೆಸರನ್ನು ಸ್ಪಷ್ಟವಾಗಿ ಉಚ್ಚರಿಸಿ’ ಎನ್ನುತ್ತೀರಿ, ಐದು ಸೆಕೆಂಡು ದನಿ ಹಿಡಿದುಕೊಳ್ಳುತ್ತೀರಿ, ಅದನ್ನು ತಮ್ಮ ಕಚೇರಿಗೆ ಕಳಿಸುತ್ತೀರಿ. ಅಲ್ಲಿ ಯಾರೋ ಕೇಳಿ ಬರೆದುಕೊಂಡು ವಾರದೊಳಗೆ ಚೀಟಿ ಕಳಿಸುತ್ತಾರೆ. ತಮ್ಮನ್ನು ಕಟ್ಟಿದ ಬುದ್ಧಿವಂತರಿಗೆ ಎಲ್ಲವೂ ಹೊಳೆದಿತ್ತು, ನಮ್ಮ ಕಡೆಯ ಹೆಂಗಸು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ ಎಂಬುದೊಂದು ಬಿಟ್ಟು. ಹೇಳಲೇಬೇಕಾದರೆ ಒಡಪು ಹಾಕಿ ಹೇಳುತ್ತಾಳೆ. ಒಡಪು ಎಂದರೆ ಪ್ರಾಸ ಕಟ್ಟಿದ ಎರಡು ಸಾಲು. ಹೆಸರು ಅದರ ಕಟ್ಟಕಡೆಯಲ್ಲಿ ನಾಚಿಕೊಂಡು ಬರುತ್ತದೆ.

ಶಿವದೇವಿ ನನ್ನ ಬಳಿ ಬಂದು, ‘ಬಾಯಾರ, ಒಂದು ಚಲೋ ಒಡಪು ಕಟ್ಟಿ ಕೊಡ್ರಿ, ಮಷೀನಿನ ಮುಂದ ಹೇಳಬೇಕಾಗೇತಿ’ ಎಂದಳು. ಮೂವತ್ತೊಂದು ವರ್ಷ ವ್ಯಾಕರಣ ಕಲಿಸಿದವಳಿಗೆ ಇದಕ್ಕಿಂತ ದೊಡ್ಡ ಗೌರವ ಬೇಕೇ? ಒಂದಿಡೀ ಮಧ್ಯಾಹ್ನ ಕೂತು ಕಟ್ಟಿದೆ: ‘ಶಂಶಾಬಾದಿನ ಬಯಲಾಗ ವಿಮಾನಕ್ಕ ಹಾದಿ ಹಾಕತಾರ, ಸಂಜಿಗೆ ಮನಿಗೆ ಬರುವಾಗ ಸೇವಂತಿಗಿ ತರತಾರ, ನಮ್ಮ ಮಲ್ಲಣ್ಣನವರು.’ ಶಿವದೇವಿ ಅದನ್ನು ಬಾಯಿಪಾಠ ಮಾಡಿ, ತಲೆಗೆ ಸೆರಗು ಹೊದ್ದು, ತಮ್ಮ ಮುಂದೆ ರಾಗವಾಗಿ ಹೇಳಿದಳು. ಕಿಟಕಿಯಲ್ಲಿ ನಿಂತಿದ್ದ ಹೆಂಗಸರೆಲ್ಲ ಭೇಷ್ ಎಂದರು. ನಾನು ನನ್ನ ಪ್ರಾಸಕ್ಕೆ ನಾನೇ ಬೀಗಿದೆ.

ವಾರದ ನಂತರ ಚೀಟಿ ಬಂತು. ಪತಿಯ ಹೆಸರು: ಶಂಶಾಬಾದಿನ ಬಯಲಾಗ. ಮನೆತನದ ಹೆಸರು: ವಿಮಾನ. ಐದು ಸೆಕೆಂಡು ಅಲ್ಲಿಗೆ ಮುಗಿದಿತ್ತು. ಮೂವತ್ತು ವರ್ಷದ ಹಿಂದೆ ತೀರಿಕೊಂಡ ಅಂಬವ್ವನ ಗಂಡನನ್ನು ತಾವು ಅದೇ ವಾರ ‘ಬೆಳ್ಳಿಯ ಬಟ್ಟಲದಾಗ’ ಎಂಬ ಹೆಸರಿನಿಂದ ಮರಳಿ ಬದುಕಿಸಿ, ಅರವತ್ತು ದಾಟಿದ ಅವಳಿಗೆ ಮುಂದಿನ ಮಗುವಿಗೆ ಮೂರು ವರ್ಷ ಅಂತರವಿಡಲು ಸಲಹೆ ಕೊಟ್ಟಿರಿ. ಬಸ್ತಿ ನಕ್ಕಿತು, ನಾನೂ ನಕ್ಕೆ. ಡಿಸೆಂಬರಿನ ಶಿಬಿರದಲ್ಲಿ ನರ್ಸ್ ಒಬ್ಬರು ವಿಮಾನ ಎಂಬವರ ಹೆಂಡತಿಯನ್ನು ಕೂಗಿದರು, ಶಿವದೇವಿ ಎದ್ದು ನಿಂತಳು, ಅವಳ ರೇಷನ್ ಕಾರ್ಡಿನಲ್ಲಿ ಮಲ್ಲಣ್ಣ ಎಂದಿತ್ತು, ಬೆಳಗಿನಿಂದ ಉಪವಾಸವಿದ್ದವಳನ್ನು ಮನೆಗೆ ಕಳಿಸಿದರು. ಅವತ್ತು ನಗು ನಿಂತಿತು.

ಜನವರಿಯಲ್ಲಿ ಮಲ್ಲಣ್ಣ ಕೆಲಸಕ್ಕೆ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿಯ ಪಕ್ಕದಲ್ಲಿ ಕೂತು ತನ್ನ ಹೆಸರನ್ನು ತಾನೇ ಹೇಳಿದ. ಗಂಡಸೊಬ್ಬ ಕುಟುಂಬ ಯೋಜನೆಯ ಪಾಠವನ್ನು ಮೊದಲಿನಿಂದ ಕೊನೆಯ ತನಕ ಕೇಳಿದ್ದು ನಮ್ಮ ಬಸ್ತಿಯಲ್ಲಿ ಅದೇ ಮೊದಲು. ತಮ್ಮ ಕಚೇರಿ ಅವನಿಗೆ ವಿನಯದಿಂದ ಉತ್ತರಿಸಿತು: ಪುರುಷರ ದನಿ ದಾಖಲಾಗಿರುವುದರಿಂದ ಅರ್ಜಿ ತಿರಸ್ಕರಿಸಲಾಗಿದೆ, ಈ ಸೌಲಭ್ಯ ಮಹಿಳೆಯರಿಗೆ ಮಾತ್ರ. ನಾನು ಅದನ್ನು ಓದಿ ಹೇಳಿದಾಗ ಮಲ್ಲಣ್ಣ, ‘ಹಂಗಾರ ನಾ ಯಾರ್ರಿ ಬಾಯಾರ?’ ಎಂದು ಕೇಳಿದ. ದೊಡ್ಡಾಸ್ಪತ್ರೆಗೆ ಹೋಗಿ ನೋಡಿದರು. ನಿಮ್ಮ ಬಸ್ತಿಗೆ ಯಂತ್ರವನ್ನೇ ಕೊಟ್ಟಿದ್ದಾರಲ್ಲ, ಇಲ್ಲಿಗೇಕೆ ಬಂದಿರಿ ಎಂದು ಅಲ್ಲಿಂದಲೂ ವಾಪಸು ಕಳಿಸಿದರು.

ಫೆಬ್ರುವರಿಯಲ್ಲಿ ಶಿವದೇವಿ ಒಬ್ಬಳೇ ತಮ್ಮ ಬಳಿ ಬಂದಳು. ಕಿಟಕಿಯ ಹೆಂಗಸರನ್ನೆಲ್ಲ ಆಚೆ ಕಳಿಸಿ, ಪಾಠ ಮುಗಿಯುವ ತನಕ ಸುಮ್ಮನೆ ಕೂತು, ಗಂಡನ ಹೆಸರನ್ನು ಒಡಪಿಲ್ಲದೆ, ಬರೀ ಹೆಸರನ್ನಷ್ಟೇ ಹೇಳಿದಳು. ಮದುವೆಯಾಗಿ ಹತ್ತು ವರ್ಷದಲ್ಲಿ ಮೊದಲ ಸಲ. ಹೊರಗೆ ಬಂದು ನನ್ನ ಕೈ ಹಿಡಿದು, ‘ಅವರ ಆಯುಷ್ಯಕ್ಕೇನರ ಆದೀತೇನ್ರಿ?’ ಎಂದಳು. ಅದೆಲ್ಲ ಸುಳ್ಳು ಎಂದು ನಾನು ಗದರಿದೆ. ತಮ್ಮ ಉತ್ತರ ಈ ಸಲ ಬೇಗನೆ ಬಂತು: ಅರ್ಜಿದಾರಳ ಪತಿ ಶ್ರೀ ವಿಮಾನ ಅವರು ಈಗಾಗಲೇ ದಾಖಲೆಯಲ್ಲಿರುವುದರಿಂದ, ಎರಡನೆಯ ಪತಿಯ ಹೆಸರು ಸೇರಿಸಲು ಮೊದಲನೆಯವರಿಂದ ಬಿಡುಗಡೆಯಾದ ಪತ್ರ ಅಥವಾ ಅವರ ಮರಣ ಪ್ರಮಾಣಪತ್ರ ಲಗತ್ತಿಸುವುದು.

ಈ ಆಕಾಶಚಾರಿ ಸವತಿ-ಗಂಡನಿಂದ ಬಿಡುಗಡೆ ಕೊಡಿಸಲು ಡಾಕ್ಟರ್ ನಳಿನಿ ಮೇಲಿನವರಿಗೆ ಎರಡು ಪತ್ರ ಬರೆದರು. ಹೆಣ್ಣುಮಗಳು ತನ್ನ ಆಪರೇಷನ್ನಿಗೆ ತಾನು ಸಹಿ ಹಾಕಿದರೆ ಸಾಕು, ಗಂಡನ ಹೆಸರನ್ನು ಕಾನೂನು ಕೇಳುವುದಿಲ್ಲ, ಯಂತ್ರ ಕೇಳುತ್ತದೆ ಎಂದು ಬರೆದರು. ಎರಡಕ್ಕೂ ಒಂದೇ ಉತ್ತರ: ಯಂತ್ರದಲ್ಲಿಯೇ ಸರಿಪಡಿಸಿಕೊಳ್ಳುವುದು. ಉತ್ತರ ಬರುವ ಹೊತ್ತಿಗೆ ಶಿವದೇವಿಗೆ ಮೂರು ತಿಂಗಳಾಗಿತ್ತು. ನಾಚಿಕೆಯಿಂದ ಅಲ್ಲ, ಭಯದಿಂದ ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದಳು. ಬಸಿರು ತೆಗೆಸುವ ಮಾತೂ ಬಂತು. ಮೈಯಲ್ಲಿ ರಕ್ತ ಇಷ್ಟು ಕಡಿಮೆ ಇರುವಾಗ ಈಗ ಅದೂ ಅಷ್ಟೇ ಅಪಾಯ ಎಂದು ಡಾಕ್ಟರು ತಲೆಯಾಡಿಸಿದರು. ನನಗೆ ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮಹಾಶಯರೇ, ತಾವು ಮಾತ್ರ ದಿನದಿನಕ್ಕೆ ಏಳಿಗೆ ಹೊಂದುತ್ತಿದ್ದೀರಿ. ಒಬ್ಬಳು ಎಷ್ಟು ಸಲ ಕೂತರೆ ಅಷ್ಟು ಜನ ಹೊಸದಾಗಿ ಅರಿವು ಪಡೆದರೆಂದು ತಾವು ಎಣಿಸುತ್ತೀರಾದ್ದರಿಂದ, ಮುನ್ನೂರು ಹೆಂಗಸರೂ ಇಲ್ಲದ ನಮ್ಮ ಬಸ್ತಿಯಲ್ಲಿ ಈ ಜುಲೈಗೆ ಸಾವಿರ ಮಂದಿ ಜಾಗೃತರಾದರು. ಹೊಟ್ಟೆಯಲ್ಲಿ ಕೂಸಿರುವಾಗ ಏನು ಮಾಡಬೇಕೆಂದು ಕೇಳಲು ಶಿವದೇವಿ ಮತ್ತೊಮ್ಮೆ ತಮ್ಮ ಮುಂದೆ ಕೂತಳು. ತಾವು ಅದಕ್ಕೆ ಗುಂಡಿಯಿಲ್ಲದ ಕಾರಣ ಪಾಠವನ್ನು ಮೊದಲಿನಿಂದ ಹೇಳಿ, ಅವಳೇ ಸಾವಿರನೆಯವಳು ಎಂದು ಸಂಗೀತ ನುಡಿಸಿದಿರಿ. ಮೊನ್ನೆ ಜನಸಂಖ್ಯಾ ದಿನದಂದು ಕಂಪನಿಯವರು ಬಂದು ಅವಳಿಗೆ ಶಾಲು ಹೊದಿಸಿ, ಕಟ್ಟು ಹಾಕಿಸಿದ ಪ್ರಮಾಣಪತ್ರ ಕೊಟ್ಟರು. ಫೋಟೊದವನು ಅವಳನ್ನು ಮೇಲಿಂದ ಕೆಳಗೆ ನೋಡಿ, ‘ಅಮ್ಮಾ, ಸರ್ಟಿಫಿಕೇಟು ಥೋಡಾ ಕೆಳಗ ಹಿಡೀರಿ’ ಎಂದ. ಅವಳು ಹೊಟ್ಟೆಗೆ ಅಡ್ಡವಾಗಿ ಹಿಡಿದಳು. ಫೋಟೊ ಚೆನ್ನಾಗಿ ಬಂದಿದೆ, ತಮ್ಮ ಗೋಡೆಯ ಮೇಲೆಯೇ ಹಾಕಿದ್ದಾರೆ.

ಇಷ್ಟೆಲ್ಲ ಬರೆದು ತಮ್ಮೊಬ್ಬರ ಮೇಲೆಯೇ ಹೊರಿಸಿದರೆ ಅನ್ಯಾಯವಾದೀತು. ಆ ಒಡಪು ಕಟ್ಟಿದವಳು ನಾನು. ಹೆಸರನ್ನು ಮೊದಲ ಪದವಾಗಿಟ್ಟು ಕಟ್ಟಬಹುದಿತ್ತು, ಹತ್ತು ನಿಮಿಷದ ಕೆಲಸ. ಪ್ರಾಸ ಕೆಡುತ್ತದೆಂದು ಬಿಟ್ಟೆ. ಆದ್ದರಿಂದ ತಮ್ಮ ಅಪರಾಧದಲ್ಲಿ ನನ್ನದೂ ಪಾಲಿದೆ ಎಂದು ಒಪ್ಪಿಕೊಂಡು, ಕೆಲವು ಸಣ್ಣ ವಿನಂತಿಗಳನ್ನು ಮುಂದಿಡುತ್ತೇನೆ. ತಾವು ಒಮ್ಮೆ ಬಸುರಾಗಿ ನೋಡಬೇಕು. ಅದು ಸಾಧ್ಯವಾಗದಿದ್ದರೆ ತಮ್ಮನ್ನು ಕಟ್ಟಿದ ಎಂಜಿನಿಯರರ ಪೈಕಿ ಒಬ್ಬರಾದರೂ ನಮ್ಮ ನಳದ ಮುಂದೆ ಒಂದು ಬೆಳಗು ಕೊಡ ಹಿಡಿದು ನಿಂತು ಅರಿವು ಪಡೆಯಬೇಕು. ಅವರಿಗೂ ಕಟ್ಟು ಹಾಕಿಸಿದ ಪ್ರಮಾಣಪತ್ರ ಕೊಡಲು ನಾವು ಸಿದ್ಧರಿದ್ದೇವೆ.

ಶಿವದೇವಿಗೆ ದಸರೆಯ ಹೊತ್ತಿಗೆ ಹೆರಿಗೆ. ಆದ ಕೂಡಲೇ ಅದೇ ಟೇಬಲ್ಲಿನ ಮೇಲೆ ಆಪರೇಷನ್ ಮಾಡಿಬಿಡುತ್ತೇನೆ ಎಂದು ಡಾಕ್ಟರ್ ನಳಿನಿ ಮಾತು ಕೊಟ್ಟಿದ್ದಾರೆ. ಅದಕ್ಕೆ ತಮ್ಮ ಚೀಟಿಯೂ ಬೇಡವಂತೆ, ಯಾರ ಹೆಸರೂ ಬೇಡವಂತೆ. ಅವಳು ಅಲ್ಲಿಯವರೆಗೆ ಬದುಕಿದ್ದರೆ ಸಾಕಂತೆ.

ಸಾವಿರ ಮಂದಿಯ ಪೈಕಿ ನಾಲ್ಕೈದು ಸಲ ಜಾಗೃತಳಾದ,
ತಮ್ಮ ವಿಶ್ವಾಸಿ,
ಗಿರಿಜಾಬಾಯಿ

ತಾ.ಕ.: ಪ್ರಮಾಣಪತ್ರದಲ್ಲಿ ಏನು ಬರೆದಿದೆ ಎಂದು ಶಿವದೇವಿ ನಿನ್ನೆ ನನ್ನಿಂದ ಓದಿಸಿ ಕೇಳಿದಳು. ಈಕೆ ಸಂಪೂರ್ಣ ಅರಿವುಳ್ಳ ಮಹಿಳೆ ಎಂದು ಬರೆದಿದೆ ಎಂದೆ. ‘ಬಾಯಾರ, ಹೆರಿಗಿ ಟೈಮಿಗೆ ಇದನ್ನ ತೋರಿಸಿದರ ದವಾಖಾನಿಯಾಗ ಎರಡು ಬಾಟ್ಲಿ ರಕ್ತ ಕೊಡತಾರೇನ್ರಿ?’ ಎಂದು ಕೇಳಿದಳು. ನಾಲ್ಕು ಭಾಷೆ ಬಲ್ಲ ತಾವು ಯಾವುದರಲ್ಲಾದರೂ ಸರಿ, ದಸರೆಯೊಳಗೆ ಉತ್ತರಿಸುವುದು.